ನಿಮ್ಮದು ಯಾವ ಊರು? ಬೇರು ಹುಡುಕುವ ಗ್ರೀಕರ ಕಥೆ

ಕನ್ನಡದ ಓದುಗರಿಗೆ ಗ್ರೀಸ್ ಪರಿಚಯವಾದದ್ದು ಬಹುಮಟ್ಟಿಗೆ ನಾಟಕಗಳ ಮೂಲಕ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಮತ್ತು ‘ಪಾರಸಿಕರು’ ಒಂದು ತಲೆಮಾರಿಗೆ ಆ ಬಾಗಿಲು ತೆರೆದರೆ, ಲಂಕೇಶರ ಅನುವಾದದ ಈಡಿಪಸ್ ಮುಂದಿನ ತಲೆಮಾರಿನವರನ್ನು ಒಳಕ್ಕೆ ಕರೆದೊಯ್ದ. ಈಡಿಪಸ್‌ನ ಕಥೆ ಒಂದರ್ಥದಲ್ಲಿ ಬೇರು ಹುಡುಕುವವನ ಕಥೆ. ಕಾರಿಂತ್ ತನ್ನ ಊರೆಂದು ನಂಬಿ ಬೆಳೆದವನು, ಹುಟ್ಟಿದ್ದು ಥೀಬ್ಸ್‌ನಲ್ಲಿ. ಆ ಸತ್ಯ ಹೊರಬರುವುದು ಅರಮನೆಯ ಕಡತದಿಂದಲ್ಲ. ಎಂದೋ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ ಬಾಯಿಬಿಟ್ಟಾಗ.

ಊರ ಹೆಸರುಗಳನ್ನು ಕುರಿತು ಪಿಎಚ್.ಡಿ. ಮಾಡುತ್ತಿರುವ ನನಗೆ ಇಂದಿನ ಗ್ರೀಸ್ ಮುಖ್ಯವೆನಿಸಿದ್ದು ಬೇರೆ ಕಾರಣಕ್ಕೆ. ಕಳೆದ ನೂರು ವರ್ಷಗಳಲ್ಲಿ ಆ ದೇಶದ ಸಾವಿರಾರು ಹಳ್ಳಿಗಳ ಹೆಸರು ಬದಲಾಗಿದೆ. ಲಕ್ಷಾಂತರ ಜನ ಹಳ್ಳಿ ಬಿಟ್ಟು ಹೋಗಿದ್ದಾರೆ, ಲಕ್ಷಾಂತರ ಜನ ಬೇರೆಯವರು ಬಿಟ್ಟುಹೋದ ಹಳ್ಳಿಗಳಿಗೆ ಬಂದು ನೆಲೆಸಿದ್ದಾರೆ. ಅಷ್ಟಾದರೂ ‘ನಿಮ್ಮದು ಯಾವ ಊರು?’ ಎಂದು ಕೇಳಿದರೆ ಅಥೆನ್ಸಿನಲ್ಲೇ ಹುಟ್ಟಿ ಬೆಳೆದ ಗ್ರೀಕನೂ ಅಜ್ಜನ ಹಳ್ಳಿಯ ಹೆಸರನ್ನೇ ಹೇಳುವುದುಂಟು. ಚಿಕಾಗೊ ಮತ್ತು ಮೆಲ್ಬರ್ನ್‌ಗಳಲ್ಲಿ ಇರುವವರ ಮೊಮ್ಮಕ್ಕಳು ಆ ಹಳ್ಳಿಯನ್ನು ಹುಡುಕಿಕೊಂಡು ಬರುತ್ತಾರೆ. ಹೀಗೆ ಬಂದವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಯಾಕೆ ಎಂಬುದೇ ಈ ಬರಹದ ವಿಷಯ.

ಹುಡುಕಾಟ ಶುರುವಾಗುವುದು ಮನೆತನದ ಹೆಸರಿನಿಂದ. ನಮ್ಮಲ್ಲಿ ಹೆಸರಿನ ಹಿಂದಿನ ಒಂದಕ್ಷರದಲ್ಲಿ ಊರು ಅಡಗಿ ಕೂತಿರುವ ಹಾಗೆ ಗ್ರೀಕರಲ್ಲಿ ಹೆಸರಿನ ಬಾಲದಲ್ಲಿ ಸೀಮೆ ಅಡಗಿರುತ್ತದೆ. ‘ಆಕಿಸ್’ ಎಂದು ಮುಗಿದರೆ ಮನೆತನ ಕ್ರೀಟ್ ದ್ವೀಪದ್ದಿರಬೇಕು. ‘ಓಪುಲೋಸ್’ ಎಂದಿದ್ದರೆ ದಕ್ಷಿಣದ ಪೆಲೊಪೊನೀಸ್ ಕಡೆಯದು. ‘ಆತೋಸ್’ ಕೆಫಲೋನಿಯ ದ್ವೀಪದ ಗುರುತು. ‘ಆಕೋಸ್’ ಮತ್ತು ‘ಎಆಸ್’ ಬಂದರೆ ಕಲ್ಲಿನ ಗೋಪುರಮನೆಗಳ ಮಾನಿ ಸೀಮೆ. ಕಪ್ಪು ಸಮುದ್ರದ ದಂಡೆಯ ಪೊಂಟಸ್‌ನಿಂದ ಬಂದವರಲ್ಲಿ ‘ಇದಿಸ್’ ಹೆಚ್ಚು. ‘ಓಗ್ಲೂ’ ಎಂಬುದು ತುರ್ಕಿ ಭಾಷೆಯ ‘ಮಗ’. ಆ ಹೆಸರಿನವರ ಹಿರಿಯರು ಬಹುತೇಕ ಇಂದಿನ ಟರ್ಕಿಯ ನೆಲದವರು. ಇದು ಕಟ್ಟುನಿಟ್ಟಾದ ನಿಯಮವಲ್ಲ, ದಾರಿ ತೋರಿಸುವ ಕೈಮರವಷ್ಟೆ.

ಹೆಸರಿನ ಮುಂಭಾಗವೂ ಮಾತಾಡುತ್ತದೆ. ‘ಪಾಪಾ’ ಎಂದರೆ ಪಾದ್ರಿ. ಗ್ರೀಕ್ ಆರ್ಥಡಾಕ್ಸ್ ಸಂಪ್ರದಾಯದಲ್ಲಿ ಹಳ್ಳಿಯ ಪಾದ್ರಿಗಳು ಸಂಸಾರಸ್ಥರಾಗಿರಬಹುದಾದ್ದರಿಂದ ‘ಪಾದ್ರಿಯ ಮಗ’ ಎಂಬರ್ಥದ ಪಾಪದೋಪುಲೋಸ್ ಆ ದೇಶದ ಅತಿ ಸಾಮಾನ್ಯ ಹೆಸರುಗಳಲ್ಲೊಂದಾಯಿತು. ‘ಹಾಜಿ’ ಎಂಬ ಪದ ನಮಗೆ ಮೆಕ್ಕಾ ಯಾತ್ರೆ ಮಾಡಿ ಬಂದವರನ್ನು ನೆನಪಿಸುತ್ತದೆ. ಒಟ್ಟೊಮನ್ ಆಳ್ವಿಕೆಯಲ್ಲಿದ್ದ ಕ್ರೈಸ್ತರು ಇದೇ ಪದವನ್ನು ಜೆರುಸಲೆಮ್‌ಗೆ ಹೋಗಿ ಜೋರ್ಡಾನ್ ನದಿಯಲ್ಲಿ ಮಿಂದು ಬಂದವರಿಗೆ ಬಳಸಿದರು. ಹಾಗಾಗಿ ಇಂದಿಗೂ ‘ಹಾಜಿ’ಯಿಂದ ಶುರುವಾಗುವ ಗ್ರೀಕ್ ಕ್ರೈಸ್ತ ಮನೆತನಗಳಿವೆ. ಅರಬ್ಬಿಯ ಪದವೊಂದು ತುರ್ಕಿಯ ಮೂಲಕ ಬಂದು ಗ್ರೀಕ್ ಬಾಲ ಹಚ್ಚಿಕೊಂಡು ಕ್ರೈಸ್ತರ ಮನೆ ಸೇರಿದೆ. ಶುದ್ಧವಾದ ಒಂದೇ ಬೇರನ್ನು ಹುಡುಕಿ ಹೊರಟವನಿಗೆ ಮೊದಲ ಹೆಜ್ಜೆಯಲ್ಲೇ ಸಿಗುವ ಎಚ್ಚರಿಕೆ ಇದು.

ಇನ್ನೊಂದು ತೊಡಕು ನಾಮಕರಣದ್ದು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬುದು ಬಹಳ ಕಡೆ ಇರುವ ಪದ್ಧತಿ. ಅಜ್ಜ ಯೋರ್ಗೋಸ್‌ಗೆ ನಾಲ್ಕು ಗಂಡುಮಕ್ಕಳಿದ್ದರೆ ಮೊಮ್ಮಕ್ಕಳಲ್ಲಿ ನಾಲ್ಕು ಜನ ಯೋರ್ಗೋಸ್ ಆಗಬಹುದು, ನಾಲ್ವರದೂ ಒಂದೇ ಮನೆತನದ ಹೆಸರು, ಒಂದೇ ಹಳ್ಳಿ. ಇದರಿಂದಾಗಿಯೇ ಗ್ರೀಕ್ ಕಾಗದಪತ್ರಗಳಲ್ಲಿ ತಂದೆಯ ಹೆಸರನ್ನು ತಪ್ಪದೆ ಕೇಳುತ್ತಾರೆ. ತಂದೆಯ ಹೆಸರಿಲ್ಲದೆ ಯಾವ ಯೋರ್ಗೋಸ್ ಎಂದು ಹೇಳಲಾಗದು.

ಹೆಸರು ಹಿಡಿದು ಹಳ್ಳಿಯ ಕಚೇರಿ ತಲುಪಿದವನಿಗೆ ಸಿಗುವ ದಾಖಲೆಗಳಲ್ಲಿ ಹಳೆಯದು, ಹೆಚ್ಚು ನಂಬಬಹುದಾದದ್ದು ‘ಮಿತ್ರೋವ ಆರ್ರೆನೊನ್’, ಅಂದರೆ ಗಂಡಸರ ಪಟ್ಟಿ. ಯಾವ ವರ್ಷ ಯಾವ ಊರಿನಲ್ಲಿ ಯಾರ ಮನೆಯಲ್ಲಿ ಗಂಡುಮಗು ಹುಟ್ಟಿತು ಎಂದು ಸರ್ಕಾರ ಬರೆದಿಟ್ಟ ಪುಸ್ತಕ. ಉದ್ದೇಶ ವಂಶಾವಳಿ ಉಳಿಸುವುದಾಗಿರಲಿಲ್ಲ. ಇಪ್ಪತ್ತು ವರ್ಷದ ನಂತರ ಸೈನ್ಯಕ್ಕೆ ಯಾರನ್ನು ಕರೆಯಬೇಕೆಂದು ಗೊತ್ತಿರಬೇಕಿತ್ತು. ಇಂದು ಮರಿಮಗಳೊಬ್ಬಳು ಕಣ್ಣು ತುಂಬಿಕೊಂಡು ನೋಡುವ ಆ ಸಾಲನ್ನು ಬರೆದವನು ಸೈನಿಕರನ್ನು ಎಣಿಸುತ್ತಿದ್ದ ಗುಮಾಸ್ತ.

ಆ ಪಟ್ಟಿಯಲ್ಲಿ ಹೆಂಗಸರಿಲ್ಲ. ಹುಡುಗಿಯರು ಸೈನ್ಯಕ್ಕೆ ಬೇಕಿರಲಿಲ್ಲವಾದ್ದರಿಂದ ಅವರು ಹುಟ್ಟಿದ್ದನ್ನು ಅಲ್ಲಿ ಬರೆಯಲಿಲ್ಲ. ಗ್ರೀಕ್ ವ್ಯಾಕರಣವೂ ಇದಕ್ಕೆ ತಕ್ಕ ಹಾಗಿದೆ. ಗಂಡಸು ಪಾಪದೋಪುಲೋಸ್ ಆದರೆ ಹೆಂಗಸು ಪಾಪದೋಪುಲು. ಅದು ಷಷ್ಠೀ ವಿಭಕ್ತಿ, ‘ಪಾಪದೋಪುಲೋಸ್‌ನ’ ಎಂದು ಅರ್ಥ. ಮೊದಲು ತಂದೆಯವಳು, ಮದುವೆಯಾದ ಮೇಲೆ ಗಂಡನವಳು. ವಿಭಕ್ತಿ ಅದೇ, ಒಡೆಯ ಬೇರೆ. 1983ರ 1329ನೇ ಕಾನೂನು ಬಂದ ಮೇಲೆ ಗ್ರೀಕ್ ಹೆಣ್ಣುಮಕ್ಕಳು ಮದುವೆಯ ನಂತರವೂ ತಮ್ಮ ಹುಟ್ಟು ಹೆಸರನ್ನೇ ಉಳಿಸಿಕೊಳ್ಳುವಂತಾಯಿತು.

ಹಾಗಾದರೆ ಅಜ್ಜಿಯರನ್ನು ಎಲ್ಲಿ ಹುಡುಕುವುದು? ಒಂದು ಉತ್ತರ ನೋಟರಿಗಳ ಕಡತಗಳಲ್ಲಿ ಸಿಗುತ್ತದೆ. ಮದುವೆಗೆ ಮೊದಲು ಬರೆಯುತ್ತಿದ್ದ ವರದಕ್ಷಿಣೆ ಪತ್ರಗಳಲ್ಲಿ ಹುಡುಗಿಯ ಹೆಸರು, ತಂದೆತಾಯಿ, ಅವಳೊಂದಿಗೆ ಹೋಗುವ ಹೊಲ, ಆಲಿವ್ ಮರಗಳು, ಹಾಸಿಗೆ ಬಟ್ಟೆ, ತಾಮ್ರದ ಪಾತ್ರೆಗಳ ಪಟ್ಟಿ ಇರುತ್ತಿತ್ತು. ಹೆಣ್ಣುಮಗಳು ದಾಖಲೆಗೆ ಸೇರಿದ್ದು ಆಸ್ತಿಯ ಜೊತೆ ಸಾಗುವವಳಾಗಿ. ವಿಚಿತ್ರವೆಂದರೆ ಅವಳಿಗೆ ಅವಳ ಹೆಸರನ್ನು ಉಳಿಸಿಕೊಟ್ಟ 1983ರ ಅದೇ ಕಾನೂನು ವರದಕ್ಷಿಣೆಯ ವ್ಯವಸ್ಥೆಯನ್ನೂ ರದ್ದು ಮಾಡಿತು. ರದ್ದಾಗಬೇಕಾದದ್ದೇ. ಆದರೆ ನಮ್ಮಂತಹ ಸಂಶೋಧಕರು ಗಮನಿಸಬೇಕಾದ ಸಂಗತಿ ಇದು: ಅನ್ಯಾಯದ ಪದ್ಧತಿಯೊಂದು ತನ್ನ ಕೆಲಸ ಮಾಡುತ್ತಲೇ ಹೆಂಗಸರ ಕುರಿತ ಅಮೂಲ್ಯವಾದ ಬರಹವನ್ನೂ ಬಿಟ್ಟುಹೋಗಿದೆ.

ದಾಖಲೆ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದು ಹಳ್ಳಿಯನ್ನು ಯಾವ ರಾಜ್ಯ ಎಂದು ಆಳಿತು ಎಂಬುದರ ಮೇಲೆ ನಿಂತಿದೆ. ಇಂದಿನ ಗ್ರೀಸ್ ಒಂದೇ ದಿನ ಹುಟ್ಟಿದ ದೇಶವಲ್ಲ. 1821ರಲ್ಲಿ ಒಟ್ಟೊಮನ್ನರ ವಿರುದ್ಧ ದಂಗೆ ಎದ್ದು 1830ರಲ್ಲಿ ಸ್ವತಂತ್ರವೆನಿಸಿಕೊಂಡಾಗ ಅದು ದಕ್ಷಿಣದ ಒಂದು ಚಿಕ್ಕ ರಾಜ್ಯ. ಅಯೋನಿಯನ್ ದ್ವೀಪಗಳು ಸೇರಿದ್ದು 1864ರಲ್ಲಿ, ಥೆಸಲಿಯ ಬಹುಭಾಗ 1881ರಲ್ಲಿ. ಥೆಸ್ಸಲೋನಿಕಿ 1912ರ ಬಾಲ್ಕನ್ ಯುದ್ಧದಲ್ಲಿ ಬಂತು, ಕ್ರೀಟ್ 1913ರಲ್ಲಿ, ರೋಡ್ಸ್ ಮತ್ತು ಅದರ ಸುತ್ತಲಿನ ದ್ವೀಪಗಳು 1947ರಲ್ಲಿ. ಹೀಗಾಗಿ ಕೊರ್ಫು ದ್ವೀಪದವರು ತಮ್ಮ ಹಿರಿಯರನ್ನು ವೆನಿಸಿನ ಆಳ್ವಿಕೆಯ ಕಾಗದಗಳಲ್ಲಿ ಹುಡುಕಬೇಕು. ಕ್ರೀಟ್‌ನ ಹಳೆಯ ಕಡತಗಳಲ್ಲಿ ದೊಡ್ಡ ಪಾಲು, 1669ರಲ್ಲಿ ವೆನಿಸಿನವರು ದ್ವೀಪ ಬಿಟ್ಟು ಹೋಗುವಾಗ ಹಡಗೇರಿ ವೆನಿಸ್ ಸೇರಿತು. ಅದರ ನಂತರದ್ದು ಬೇಕೆಂದರೆ ಒಟ್ಟೊಮನ್ ಖಾಜಿಗಳ ಪುಸ್ತಕ ಓದಲು ಬರಬೇಕು. ರೋಡ್ಸ್‌ನವರಿಗೆ ಇಟಾಲಿಯನ್ ಬೇಕು. ಬರೀ ಗ್ರೀಕ್ ಬಲ್ಲವನು ತನ್ನ ಮುತ್ತಜ್ಜನವರೆಗೂ ತಲುಪಲಾರದಿರಬಹುದು. ಕೆಲವೊಮ್ಮೆ ಹುಡುಕಲು ಏನೂ ಉಳಿದಿರುವುದಿಲ್ಲ. 1953ರ ಆಗಸ್ಟ್‌ನಲ್ಲಿ ಭೂಕಂಪವಾದಾಗ ಜಾಕಿಂಥೋಸ್ ಪಟ್ಟಣಕ್ಕೆ ಬೆಂಕಿ ಬಿದ್ದು ಅಲ್ಲಿನ ಶತಮಾನಗಳ ಪತ್ರಾಗಾರವೇ ಸುಟ್ಟುಹೋಯಿತು.

ಇನ್ನು ಸಮುದ್ರ ದಾಟಿದವರ ಕಡೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೆಲೊಪೊನೀಸ್‌ನ ರೈತರ ಬದುಕು ಒಣದ್ರಾಕ್ಷಿಯ ಮೇಲೆ ನಿಂತಿತ್ತು. ಫ್ರಾನ್ಸಿನ ದ್ರಾಕ್ಷಿ ತೋಟಗಳು ಬೇರುಹುಳುವಿನ ಕಾಟಕ್ಕೆ ಹಾಳಾದಾಗ ಅಲ್ಲಿನ ಮದ್ಯ ತಯಾರಕರು ಗ್ರೀಸಿನ ಒಣದ್ರಾಕ್ಷಿ ಕೊಂಡರು. ರೈತರು ಬೇರೆ ಬೆಳೆ ಕಿತ್ತು ದ್ರಾಕ್ಷಿ ಹಾಕಿದರು. ಫ್ರಾನ್ಸಿನ ತೋಟಗಳು ಚೇತರಿಸಿಕೊಂಡವು, ಆಮದಿಗೆ ಸುಂಕ ಬಿತ್ತು, 1893ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಅದೇ ವರ್ಷ ಗ್ರೀಸ್ ಸರ್ಕಾರ ದಿವಾಳಿ ಎದ್ದಿತು. ಅಲ್ಲಿಂದ ಹಳ್ಳಿಯ ಹುಡುಗರು ಹಡಗು ಹತ್ತತೊಡಗಿದರು. 1924ರಲ್ಲಿ ಅಮೆರಿಕ ಹೊಸ ವಲಸೆ ಕಾನೂನು ತಂದು ಗ್ರೀಕರಿಗೆ ವರ್ಷಕ್ಕೆ 100 ಜನರ ಮಿತಿ ಹಾಕುವ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅಟ್ಲಾಂಟಿಕ್ ದಾಟಿದ್ದರು. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ, 1960ರ ಕಾರ್ಮಿಕ ಒಪ್ಪಂದದ ನಂತರ ಜರ್ಮನಿಗೆ ಮತ್ತೆ ಜನ ಹೊರಟರು.

ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಗ್ರೀಕರ ಉದ್ದನೆಯ ಹೆಸರುಗಳನ್ನು ಕತ್ತರಿಸಿದರೆಂಬ ಕಥೆ ಅನೇಕ ಮನೆಗಳಲ್ಲಿದೆ. ಅದು ನಿಜವಲ್ಲ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ. ಎಲ್ಲಿಸ್ ದ್ವೀಪದಲ್ಲಿ ಅದನ್ನು ಹಿಡಿದು ತಾಳೆ ನೋಡುತ್ತಿದ್ದರಷ್ಟೆ. ಪಾಪದೋಪುಲೋಸ್ ‘ಪಾಪ್ಪಸ್’ ಆದದ್ದು ಆಮೇಲೆ, ಬಹಳ ಸಲ ಅವನದೇ ಇಚ್ಛೆಯಿಂದ, ಅಂಗಡಿಯ ಬೋರ್ಡಿಗೆ ಹೊಂದಲೆಂದು. ಆ ಹಡಗು ಪಟ್ಟಿಗಳು ಇಂದು ಅಂತರ್ಜಾಲದಲ್ಲಿ ಸಿಗುತ್ತವೆ. ಹೊರಟ ಊರು, ಊರಿನಲ್ಲಿರುವ ಹತ್ತಿರದ ಸಂಬಂಧಿ ಯಾರು ಎಂಬ ವಿವರಗಳೂ ಅವುಗಳಲ್ಲಿವೆ. ಮೊಮ್ಮಗ ಆ ಊರಿನ ಹೆಸರನ್ನು ಬರೆದುಕೊಂಡು ಇಂದಿನ ನಕ್ಷೆ ತೆರೆಯುತ್ತಾನೆ. ಊರು ಅಲ್ಲಿಲ್ಲ.

ಯಾಕಿಲ್ಲ ಎಂಬುದಕ್ಕೆ ಕಾರಣವಾದ ಜಗಳ 1830ರಷ್ಟು ಹಳೆಯದು. ಆ ವರ್ಷ ಫಾಲ್ಮೆರಾಯರ್ ಎಂಬ ಜರ್ಮನ್ ಭಾಷೆಯ ಇತಿಹಾಸಕಾರ ಒಂದು ಪುಸ್ತಕ ಬರೆದು, ಇಂದಿನ ಗ್ರೀಕರ ಮೈಯಲ್ಲಿ ಪ್ರಾಚೀನ ಗ್ರೀಕರ ಒಂದು ಹನಿ ರಕ್ತವೂ ಇಲ್ಲ, ಮಧ್ಯಯುಗದಲ್ಲಿ ಬಂದ ಸ್ಲಾವರು ಮತ್ತು ಅಲ್ಬೇನಿಯನ್ನರ ಸಂತತಿಯೇ ಇವರೆಲ್ಲ ಎಂದು ವಾದಿಸಿದ. ಅವನು ತೋರಿಸಿದ ಮುಖ್ಯ ಸಾಕ್ಷ್ಯಗಳಲ್ಲೊಂದು ಹಳ್ಳಿಗಳ ಸ್ಲಾವಿಕ್ ಹೆಸರು. ಆಗಷ್ಟೇ ಹುಟ್ಟಿದ ದೇಶಕ್ಕೆ, ಅದೂ ಸಾಕ್ರಟೀಸ್‌ನ ಹೆಸರು ಹೇಳಿ ಯುರೋಪಿನ ಬೆಂಬಲ ಗಳಿಸಿದ್ದ ದೇಶಕ್ಕೆ, ಇದು ಬುಡಕ್ಕೇ ಬಿದ್ದ ಏಟು. ಪಾಪರ್ರಿಗೋಪುಲೋಸ್ ಎಂಬ ಇತಿಹಾಸಕಾರ ಪ್ರಾಚೀನ ಕಾಲ, ಬೈಜಾಂಟಿಯಂ ಮತ್ತು ವರ್ತಮಾನಗಳನ್ನು ಒಂದೇ ದಾರದಲ್ಲಿ ಪೋಣಿಸಿ ಉತ್ತರ ಕೊಟ್ಟ. ನಿಕೊಲಾವೋಸ್ ಪೊಲಿತಿಸ್ ಎಂಬ ವಿದ್ವಾಂಸ ಹಳ್ಳಿಗರ ಹಾಡು, ನಂಬಿಕೆ, ಗಾದೆಗಳನ್ನು ಕೂಡಿಹಾಕಿ ಅವುಗಳಲ್ಲಿ ಪ್ರಾಚೀನತೆಯ ಉಳಿಕೆಗಳನ್ನು ತೋರಿಸಲು ಹೊರಟ. ಗ್ರೀಕ್ ಜಾನಪದ ಅಧ್ಯಯನ ಹುಟ್ಟಿದ್ದು ಹೀಗೆ. ಹಳ್ಳಿ ಬರೀ ವಾಸದ ಜಾಗವಾಗಿ ಉಳಿಯಲಿಲ್ಲ. ದೇಶದ ವಂಶಾವಳಿಯ ಮೊಕದ್ದಮೆಯಲ್ಲಿ ಅದು ಸಾಕ್ಷಿಯಾಯಿತು.

ಸಾಕ್ಷಿ ತಮಗೆ ಬೇಕಾದ ಹಾಗೆ ಮಾತಾಡಬೇಕಲ್ಲ! 1909ರಲ್ಲಿ ಇದೇ ಪೊಲಿತಿಸ್‌ನ ಅಧ್ಯಕ್ಷತೆಯಲ್ಲಿ ಸರ್ಕಾರ ಊರ ಹೆಸರುಗಳ ಸಮಿತಿಯನ್ನು ನೇಮಿಸಿತು. ತುರ್ಕಿ, ಸ್ಲಾವಿಕ್, ಅಲ್ಬೇನಿಯನ್ ಎಂದು ಕಂಡ ಹೆಸರುಗಳನ್ನು ತೆಗೆದು ಗ್ರೀಕ್ ಹೆಸರು, ಸಾಧ್ಯವಿದ್ದರೆ ಪ್ರಾಚೀನ ಹೆಸರನ್ನೇ ಇಡುವುದು ಗುರಿ. ಕೆಲಸಕ್ಕೆ ವೇಗ ಬಂದದ್ದು 1920ರ ದಶಕದಲ್ಲಿ, ಹೊಸದಾಗಿ ಸೇರಿದ ಉತ್ತರದ ಸೀಮೆಗಳಲ್ಲಿ. ವೊದೆನಾ ಎಂಬ ಪಟ್ಟಣ ಎದೆಸಾ ಆಯಿತು, ಸೊರೊವಿಚ್ ಅಮಿಂಟೆಯೋ ಆಯಿತು, ಕಾಯ್ಲಾರ್ ಪ್ಟೊಲೆಮಾಯಿದಾ ಆಯಿತು. ಎಲ್ಲ ಸೇರಿ ಇಡೀ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಊರುಗಳ ಹೆಸರು ಬದಲಾಯಿತು. 1936ರಲ್ಲಿ ಮೆಟಕ್ಸಾಸ್‌ನ ಸರ್ವಾಧಿಕಾರ ಬಂದ ಮೇಲೆ ಉತ್ತರದ ಹಳ್ಳಿಗಳಲ್ಲಿ ಸ್ಲಾವಿಕ್ ಮಾತಾಡುವುದಕ್ಕೇ ನಿಷೇಧ ಬಿತ್ತು. ಅಷ್ಟು ಹೊತ್ತಿಗೆ ಅಮೆರಿಕ ಸೇರಿದ್ದವರ ನಾಲಗೆಯಲ್ಲಿ, ಅವರ ಹಡಗು ಪಟ್ಟಿಯಲ್ಲಿ ಹಳೆಯ ಹೆಸರುಗಳು ಹಾಗೇ ಉಳಿದಿದ್ದವು. ಚಿಕಾಗೊದ ಮೊಮ್ಮಗನಿಗೆ ನಕ್ಷೆಯಲ್ಲಿ ಊರು ಕಾಣದಿರಲು ಇದೇ ಕಾರಣ.

ಪ್ರಾಚೀನ ಪರಂಪರೆಯ ಮೇಲಿನ ಈ ಪ್ರೀತಿ ಜೀವಂತ ಹಳ್ಳಿಗಳನ್ನು ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಕಾಸ್ತ್ರಿ ಒಂದು ಉದಾಹರಣೆ. ಆ ಹಳ್ಳಿ ಡೆಲ್ಫಿಯ ಅಪೋಲೋ ದೇವಾಲಯದ ಅವಶೇಷಗಳ ಮೇಲೆಯೇ ಬೆಳೆದಿತ್ತು. 1892ರಲ್ಲಿ ಫ್ರೆಂಚ್ ಪುರಾತತ್ವಜ್ಞರು ದೊಡ್ಡ ಉತ್ಖನನ ಆರಂಭಿಸುವಾಗ ಊರಿನವರ ಪ್ರತಿರೋಧದ ನಡುವೆಯೇ ಮನೆಗಳನ್ನು ಕೆಡವಿ, ಊರನ್ನು ಸ್ವಲ್ಪ ದೂರಕ್ಕೆ ಸಾಗಿಸಲಾಯಿತು. ಹೊಸ ಊರಿಗೆ ಹೆಸರು ಡೆಲ್ಫಿ. ಎರಡು ಸಾವಿರ ವರ್ಷ ಹಿಂದಿನ ಪೂರ್ವಜರ ಊರು ಕಾಣಲೆಂದು ಅಜ್ಜ ಅಜ್ಜಿಯರ ಊರು ಮಣ್ಣಾಯಿತು. ಡೆಲ್ಫಿಯನ್ನು ನೋಡಲು ಹೋಗುವ ಲಕ್ಷಾಂತರ ಪ್ರವಾಸಿಗರಲ್ಲಿ ಕಾಸ್ತ್ರಿಯ ಹೆಸರು ಕೇಳಿದವರು ಎಷ್ಟು ಜನರಿರಬಹುದು?

ಇಷ್ಟರವರೆಗೆ ಹೇಳಿದ್ದು ಊರು ಅಲ್ಲೇ ಇದ್ದು ಹೆಸರು ಬದಲಾದವರ, ಕಟ್ಟಡ ಸರಿದವರ ಕಥೆ. ಇದಕ್ಕಿಂತ ಕಷ್ಟದ್ದು ಊರೇ ಗಡಿಯಾಚೆ ಉಳಿದವರ ಕಥೆ. ಗ್ರೀಸ್ ಮತ್ತು ಟರ್ಕಿ 1919ರಿಂದ 1922ರವರೆಗೆ ನಡೆಸಿದ ಯುದ್ಧದಲ್ಲಿ ಗ್ರೀಸ್ ಸೋತಿತು. 1922ರ ಸೆಪ್ಟೆಂಬರ್‌ನಲ್ಲಿ ಸ್ಮಿರ್ನಾ ನಗರ ಉರಿಯಿತು. 1923ರ ಜನವರಿ 30ರಂದು ಲೊಸಾನ್‌ನಲ್ಲಿ ಎರಡೂ ಸರ್ಕಾರಗಳು ಜನರ ವಿನಿಮಯಕ್ಕೆ ಸಹಿ ಹಾಕಿದವು. ಟರ್ಕಿಯ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ ಹೋಗಬೇಕು. ಇಸ್ತಾಂಬುಲ್‌ನ ಗ್ರೀಕರಿಗೂ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೂ ಮಾತ್ರ ವಿನಾಯಿತಿ. ಉಳಿದವರಲ್ಲಿ ಯಾರಿಗೂ ಹೋಗುತ್ತೀರಾ ಎಂದು ಕೇಳಲಿಲ್ಲ, ಅನುಮತಿಯಿಲ್ಲದೆ ವಾಪಸಾಗುವ ಹಾಗೂ ಇರಲಿಲ್ಲ. ಕ್ರೈಸ್ತರಲ್ಲಿ ಬಹುಪಾಲು ಜನ ಒಪ್ಪಂದಕ್ಕೆ ಮೊದಲೇ ಜೀವ ಉಳಿಸಿಕೊಳ್ಳಲು ಓಡಿಬಂದಿದ್ದರು; ಒಪ್ಪಂದ ಅವರ ಹಿಂದಿನ ಬಾಗಿಲನ್ನು ಮುಚ್ಚಿತು. 1928ರ ಗ್ರೀಕ್ ಜನಗಣತಿ ಎಣಿಸಿದ ನಿರಾಶ್ರಿತರು 12,21,849 ಜನ. ದೇಶದ ಒಟ್ಟು ಜನಸಂಖ್ಯೆ ಆಗ ಸುಮಾರು 62 ಲಕ್ಷ. ಐದರಲ್ಲಿ ಒಬ್ಬರು. ಎದುರು ದಿಕ್ಕಿನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಹೋದರು.

ಅಳತೆಗೋಲು ಧರ್ಮ ಮಾತ್ರ, ಭಾಷೆಯಲ್ಲ ಎಂಬುದನ್ನು ಗಮನಿಸಬೇಕು. ಅನಾಟೋಲಿಯಾದ ಒಳನಾಡಿನಲ್ಲಿ ಕರಮನ್ಲಿ ಎಂದು ಕರೆಯಲಾಗುವ ಕ್ರೈಸ್ತರಿದ್ದರು. ಅವರ ಮನೆಮಾತು ತುರ್ಕಿ. ಬರೆಯುತ್ತಿದ್ದದ್ದು ಅದೇ ತುರ್ಕಿಯನ್ನು ಗ್ರೀಕ್ ಲಿಪಿಯಲ್ಲಿ. ಗ್ರೀಕ್ ಬಾರದ ಅವರು ‘ಗ್ರೀಕರು’ ಎಂದು ಗ್ರೀಸಿಗೆ ಬಂದರು. ಕ್ರೀಟ್‌ನ ಮುಸ್ಲಿಮರ ಮನೆಮಾತು ಗ್ರೀಕ್. ಅವರು ‘ತುರ್ಕರು’ ಎಂದು ಆಯ್ವಾಲಿಕ್‌ಗೆ, ಅದರ ಎದುರಿನ ಜುಂದಾ ದ್ವೀಪಕ್ಕೆ ಹೋಗಿ ಗ್ರೀಕರು ಬಿಟ್ಟುಹೋದ ಮನೆಗಳಲ್ಲಿ ಗ್ರೀಕ್ ಮಾತಾಡಿಕೊಂಡು ಬದುಕಿದರು. ಎರಡೂ ಗುಂಪುಗಳನ್ನು ಹೊಸ ನೆರೆಹೊರೆಯವರು ಅನುಮಾನದಿಂದ ನೋಡಿದರು. ನಾಲಗೆ ಒಂದು ಕಡೆ, ಕಾಗದ ಇನ್ನೊಂದು ಕಡೆ. ‘ಓಗ್ಲೂ’ ಎಂದು ಮುಗಿಯುತ್ತಿದ್ದ ಹೆಸರುಗಳನ್ನು ಹಲವರು ‘ಇದಿಸ್’ ಎಂದು ಬದಲಿಸಿಕೊಂಡದ್ದು ಈ ಅನುಮಾನದ ನಡುವೆಯೇ. ಆದ್ದರಿಂದ ನಾನು ಮೊದಲು ಹೇಳಿದ ಕೈಮರವನ್ನೂ ಯಾರೋ ತಿರುಗಿಸಿಟ್ಟಿರಬಹುದು ಎಂಬ ನೆನಪು ಇರಲಿ.

ಬಂದವರು ಹೊಸ ಊರಿಗೆ ಹಳೆಯ ಊರಿನ ಹೆಸರಿಟ್ಟು ಮುಂದೆ ‘ನೆಯಾ’ ಸೇರಿಸಿದರು. ನೆಯಾ ಎಂದರೆ ಹೊಸ. ಅಥೆನ್ಸಿನ ಸುತ್ತಮುತ್ತಲಿನ ನೆಯಾ ಸ್ಮಿರ್ನಿ, ನೆಯಾ ಇಯೋನಿಯಾ, ನೆಯಾ ಫಿಲಾದೆಲ್ಫಿಯಾ ಎಲ್ಲ ಹೀಗೆ ಹುಟ್ಟಿದವು. ಫುಟ್‌ಬಾಲ್ ನೋಡುವವರಿಗೆ ಅಥೆನ್ಸಿನ ಎ.ಇ.ಕೆ. ತಂಡ ಗೊತ್ತಿರುತ್ತದೆ. 1924ರಲ್ಲಿ ನಿರಾಶ್ರಿತರು ಕಟ್ಟಿದ ಆ ತಂಡದ ಹೆಸರಿನಲ್ಲಿರುವ ‘ಕೆ’ ಕಾನ್‌ಸ್ಟಾಂಟಿನೋಪಲ್‌ನದು. ಗ್ರೀಕಿನಲ್ಲಿ ಊರಿಗೂ ನಾಡಿಗೂ ‘ಪತ್ರಿದಾ’ ಎಂಬ ಒಂದೇ ಪದ ಸಲ್ಲುತ್ತದೆ. 1922ರ ನಂತರ ‘ಕಳೆದುಹೋದ ಪತ್ರಿದೆಸ್’ ಎಂಬ ಬಹುವಚನ ರೂಢಿಗೆ ಬಂತು. ಆ ಘಟನೆಯನ್ನೇ ಅವರು ‘ಕ್ಸೆರಿಜೊಮೋಸ್’ ಎನ್ನುತ್ತಾರೆ. ‘ರಿಜಾ’ ಎಂದರೆ ಬೇರು. ಬೇರುಸಹಿತ ಕಿತ್ತದ್ದು ಎಂದು ಅರ್ಥ.

ಈ ಹಳ್ಳಿಗಳ ನೆನಪನ್ನು ಉಳಿಸಿದ ಕೆಲಸಗಳಲ್ಲಿ ದೊಡ್ಡದು ಮೆಲ್ಪೊ ಮೆರ್ಲಿಯೆ ಎಂಬ ಸಂಗೀತ ವಿದುಷಿಯದು. ನಿರಾಶ್ರಿತರ ಹಾಡುಗಳನ್ನು ಸಂಗ್ರಹಿಸಲೆಂದು 1930ರಲ್ಲಿ ಅವರು ಆರಂಭಿಸಿದ ಪ್ರಯತ್ನ ಏಷ್ಯಾ ಮೈನರ್ ಅಧ್ಯಯನ ಕೇಂದ್ರವಾಗಿ ಬೆಳೆಯಿತು. ಹಾಡು ಅರ್ಥವಾಗಬೇಕಾದರೆ ಹಾಡುತ್ತಿದ್ದ ಊರು ಗೊತ್ತಿರಬೇಕು ಎಂದು ಅವರಿಗೆ ಅನಿಸಿತು. ದಶಕಗಳ ಕಾಲ ಕೇಂದ್ರದ ಸಹಾಯಕರು ಒಂದೊಂದೇ ನಿರಾಶ್ರಿತ ಕೇರಿಗೆ ಹೋಗಿ, ನಿಮ್ಮ ಊರು ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಚರ್ಚು ಎಲ್ಲಿತ್ತು, ಪಕ್ಕದ ಮುಸ್ಲಿಮರ ಜೊತೆ ಹೇಗಿದ್ದಿರಿ, ಹೇಗೆ ಹೊರಟಿರಿ ಎಂದು ಕೇಳಿ ಬರೆದುಕೊಂಡರು. ಸುಮಾರು 5,000 ಜನ ಮಾತಾಡಿದರು. ಯಾವ ಕಚೇರಿಯ ಪಟ್ಟಿಯಲ್ಲೂ ಇಲ್ಲದ ಅಜ್ಜಿಯರು ಇಲ್ಲಿ ತಮ್ಮ ಊರಿನ ಬಾವಿಯ ಹೆಸರು, ಹಬ್ಬದ ಅಡುಗೆ, ಹೊರಟ ದಿನ ಬೀಗ ಹಾಕಿದ್ದು ಎಲ್ಲ ಹೇಳಿದ್ದಾರೆ. ಈಡಿಪಸ್‌ನ ಕುರುಬನಿಗೆ ಬಂದ ಮಹತ್ವ ಈ ಮುದುಕ ಮುದುಕಿಯರಿಗೂ ಬಂತು. ವ್ಯತ್ಯಾಸ ಇಷ್ಟೆ, ಇವರನ್ನು ಯಾರೂ ಬೆದರಿಸಿ ಬಾಯಿಬಿಡಿಸಲಿಲ್ಲ. ಒಬ್ಬರು ಬಂದು ಕೂತು ಕೇಳಲಿ ಎಂದು ಇವರೇ ಕಾದಿದ್ದರು ಅನಿಸುತ್ತದೆ.

ಒಂದೇ ಊರಿನ ಎರಡು ಪಾಲನ್ನು ನೋಡಿ. ಕಪ್ಪಡೋಸಿಯಾದಲ್ಲಿ ಗೆಲ್ವೆರಿ ಎಂಬ ಊರಿತ್ತು, ಅಲ್ಲಿನ ಕ್ರೈಸ್ತರ ಲೆಕ್ಕದಲ್ಲಿ ಕಾರ್ವಾಲಿ. ಅವರ ಮನೆಮಾತು ತುರ್ಕಿ. ಅವರ ಊರಿನ ಸಂತ ನಾಲ್ಕನೇ ಶತಮಾನದ ದೇವತಾಶಾಸ್ತ್ರಜ್ಞ ಗ್ರೆಗರಿ. ವಿನಿಮಯದಲ್ಲಿ ಹೊರಟಾಗ ಅವರು ಸಂತನ ಪವಿತ್ರ ಅಸ್ಥಿಯನ್ನೂ ಹೊತ್ತು ತಂದರು. ಉತ್ತರ ಗ್ರೀಸಿನ ಕವಾಲಾ ಬಳಿ ಅವರು ಕಟ್ಟಿದ ನೆಯಾ ಕಾರ್ವಾಲಿಯ ಚರ್ಚಿನಲ್ಲಿ ಅದು ಇಂದಿಗೂ ಇದೆ. ಆ ಊರು ಈಗ ಗ್ರೀಸಿನಲ್ಲೆಲ್ಲ ಹೆಸರಾಗಿರುವುದು ಸಕ್ಕರೆಪುಡಿ ಹೊದಿಸಿದ ಬಾದಾಮಿ ಬಿಸ್ಕತ್ತಿಗೆ. ಅದರ ರುಚಿಯೂ ಅನಾಟೋಲಿಯಾದಿಂದ ಬಂದದ್ದು. ಇತ್ತ ಗೆಲ್ವೆರಿಯ ಹೆಸರೂ ಬದಲಾಗಿ ಗುಜೆಲ್‌ಯುರ್ತ್ ಆಯಿತು, ‘ಚೆಂದದ ನಾಡು’. ಗ್ರೀಸಿನಿಂದ ಹೊರಟ ಮುಸ್ಲಿಂ ಕುಟುಂಬಗಳು ಅಲ್ಲಿ ನೆಲೆಸಿದವು. ಸಂತ ಗ್ರೆಗರಿಯ ಹಳೆಯ ಚರ್ಚು ಮಸೀದಿಯಾಗಿದೆ. ಜನ ಅದನ್ನು ‘ಕಿಲಿಸೆ ಜಾಮಿ’ ಎನ್ನುತ್ತಾರೆ, ಅಂದರೆ ಚರ್ಚು ಮಸೀದಿ. ನೆಯಾ ಕಾರ್ವಾಲಿಯ ಮೊಮ್ಮಕ್ಕಳು ಅಜ್ಜನ ಊರು ನೋಡಲು ಅಲ್ಲಿಗೆ ಬಂದರೆ ಬಾಗಿಲು ತೆರೆಯುವವರ ಅಜ್ಜನ ಊರು ಗ್ರೀಸಿನಲ್ಲಿದೆ.

ಆ ಕಡೆಯವರ ಹುಡುಕಾಟವೂ ಕಷ್ಟದ್ದೇ. ಟರ್ಕಿಯಲ್ಲಿ ಮನೆತನದ ಹೆಸರು ಕಡ್ಡಾಯವಾದದ್ದು 1934ರ ಕಾನೂನಿನಿಂದ. ಅಂದರೆ ಗ್ರೀಸ್ ಬಿಟ್ಟು ಹತ್ತು ವರ್ಷದ ಮೇಲೆ ಸಿಕ್ಕ ಹೆಸರು ಅವರದು. ಆ ಹೆಸರು ಹಿಡಿದು ಗ್ರೀಸಿನಲ್ಲಿ ಯಾರನ್ನೂ ಹುಡುಕಲಾಗದು. 2018ರ ಫೆಬ್ರವರಿಯಲ್ಲಿ ಟರ್ಕಿ ಸರ್ಕಾರ ಜನರು ತಮ್ಮ ವಂಶಾವಳಿಯನ್ನು ಅಂತರ್ಜಾಲದಲ್ಲಿ ನೋಡುವ ಸೌಲಭ್ಯ ಕೊಟ್ಟಾಗ ಎಷ್ಟು ಜನ ಮುಗಿಬಿದ್ದರೆಂದರೆ ವ್ಯವಸ್ಥೆಯೇ ಕುಸಿದು ಕೆಲಕಾಲ ನಿಲ್ಲಿಸಬೇಕಾಯಿತು. ತಾವು ಅಪ್ಪಟ ಇಲ್ಲಿಯವರೇ ಎಂದು ಬೆಳೆದ ಎಷ್ಟೋ ಜನರಿಗೆ ಅಜ್ಜಿಯ ಹುಟ್ಟೂರಿನ ಅಂಕಣದಲ್ಲಿ ಗಡಿಯಾಚೆಯ ಹೆಸರು ಕಂಡಿತು.

ಹಾಗಾದರೆ ಊರು ಯಾರದು? ಕಿತ್ತು ಹೋದವರದೋ, ಬಂದು ಉತ್ತವರದೋ? ನೂರು ವರ್ಷದಲ್ಲಿ ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಸತ್ತ ಮೇಲೆ ಬಂದವರೆಂದು ಯಾರನ್ನು ಕರೆಯುವುದು? ಬೇರು ಎಂಬ ರೂಪಕಕ್ಕೆ ಇಲ್ಲೊಂದು ಅಪಾಯವಿದೆ ಎಂದು ನನಗೆ ತೋರುತ್ತದೆ. ಮರಕ್ಕೆ ಬೇರು ಒಂದೇ ಜಾಗದಲ್ಲಿ. ಹಾಗೆಂದು ಮನುಷ್ಯರಿಗೂ ಒಂದೇ ನಿಜವಾದ ಜಾಗ ಇರಬೇಕು, ಉಳಿದ ಕಡೆ ಅವರು ಹೊರಗಿನವರು ಎಂಬ ನಂಬಿಕೆಯೇ ಲೊಸಾನ್‌ನ ಮೇಜಿನ ಮೇಲೆ ಒಪ್ಪಂದವಾಯಿತು. ಅದೇ ನಂಬಿಕೆ ಹಳ್ಳಿಗಳ ಹಳೆಯ ಹೆಸರನ್ನು ಅಳಿಸಿತು. ಬೇರು ಹುಡುಕುವ ಹಂಬಲ ಒಳ್ಳೆಯದು, ಆದರೆ ಅದು ಪ್ರಾಮಾಣಿಕವಾಗಿದ್ದರೆ ತನಗೆ ಬೇಕಾದ ಹೆಸರು ಸಿಕ್ಕಲ್ಲಿಗೆ ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ತಾಯಿಯನ್ನು, ಅಳಿಸಿದ ಹೆಸರನ್ನು, ಅಜ್ಜನ ಮನೆಯಲ್ಲಿ ಈಗ ಅಡುಗೆ ಮಾಡುತ್ತಿರುವವರನ್ನೂ ಅದು ಕೇಳಬೇಕಾಗುತ್ತದೆ.

ಇಂತಹ ಪ್ರಾಮಾಣಿಕತೆಗೆ ದೊಡ್ಡ ಮಾತುಗಳೇನೂ ಬೇಕಿಲ್ಲ. ಗ್ರೀಸಿನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ‘ಪಂದೆಕ್ತಿಸ್’ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಹೆಸರು ಬದಲಾದ ಊರುಗಳನ್ನೆಲ್ಲ ಪಟ್ಟಿ ಮಾಡಿದೆ. ಹಳೆಯ ಹೆಸರು, ಹೊಸ ಹೆಸರು, ಬದಲಾದ ವರ್ಷ. ಯಾವುದು ನಿಜವಾದ ಹೆಸರು ಎಂದು ಅಲ್ಲಿ ಯಾರೂ ವಾದಿಸುವುದಿಲ್ಲ. ಎರಡೂ ಅಕ್ಕಪಕ್ಕ ಕೂತಿವೆ. ಮುತ್ತಜ್ಜನ ಹಡಗು ಪಟ್ಟಿ ಹಿಡಿದುಕೊಂಡ ಹುಡುಗಿ ಚಿಕಾಗೊದಲ್ಲಿ ಕೂತು ಸೊರೊವಿಚ್ ಎಂದು ಹುಡುಕಿದರೆ ಎದುರಿಗೆ ಅಮಿಂಟೆಯೋ ಎಂದು ಬರುತ್ತದೆ. ಆಗ ಅವಳು ರೈಲಿನ ಟಿಕೆಟ್ ತೆಗೆಯಬಹುದು.